ಸಂತೆಯಿಲ್ಲದ ದಿನದ ಮಾತ್ರೆ

ಬಳೆಗಾರ್ತಿ ನನ್ನ ಮುಂದೆ ಬಂದು ಕುಳಿತಾಗ ಬೆಳಗಿನ ಹತ್ತು ದಾಟಿತ್ತು. ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡಿದ್ದಳು. ಕೈ ತೋರಿಸಮ್ಮ ಎಂದರೆ ತೋರಿಸಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಗಳನ್ನೇ ನೋಡಿ, "ಏನ್ ಡಾಕ್ಟ್ರಮ್ಮಾರೆ, ಒಂದು ಗಾಜಿನ ಬಳೆನಾದ್ರೂ ಹಾಕ್ಕಾಬಾರ್ದೇನ್ರಿ?" ಎಂದಳು.

ಹೊನ್ನಾಳಿಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ವಾರಕ್ಕೆರಡು ದಿನ ಕೀಲುರೋಗದವರನ್ನು ನೋಡುತ್ತೇನೆ. ಹೊರಗೆ ಬೆಂಚು ತುಂಬಿತ್ತು. ನನಗೆ ತಾಳ್ಮೆ ಕಡಿಮೆ ಎಂಬುದು ಅಲ್ಲಿನ ನರ್ಸುಗಳಿಗೆಲ್ಲ ಗೊತ್ತು. "ನನ್ನ ಕೈ ಸುದ್ದಿ ಆಮೇಲೆ. ಮೊದಲು ನಿಮ್ಮ ಕೈ ತೆಗೀರಿ" ಎಂದು ಗದರಿದೆ. ಆಗ ಹೊರಬಂದವು ಆ ಕೈಗಳು. ಬೆರಳ ಬುಡದ ಗೆಣ್ಣುಗಳೆಲ್ಲ ಉಬ್ಬಿ, ಗೆಣ್ಣು ಗೆಣ್ಣಿನ ನಡುವೆ ಇರಬೇಕಾದ ತಗ್ಗು ಮುಚ್ಚಿಹೋಗಿತ್ತು. ಎಡಗೈಯಲ್ಲಿ ಹೇಗೋ ಬಲಗೈಯಲ್ಲೂ ಹಾಗೆಯೇ. ಮುಷ್ಟಿ ಕಟ್ಟಿ ಎಂದರೆ ಬೆರಳ ತುದಿ ಅಂಗೈಯನ್ನು ಮುಟ್ಟುತ್ತಿರಲಿಲ್ಲ.

"ಬೆಳಿಗ್ಗೆ ಎದ್ರೆ ಚಾ ಲೋಟ ಹಿಡಿಯಾಕೆ ಆಗಲ್ಲ ರೀ ಇವಳಿಗೆ" ಎಂದ ಹಿಂದೆ ನಿಂತಿದ್ದ ಗಂಡ. "ಬಿಸಿಲೇರಿದ ಮ್ಯಾಲೆ ಸ್ವಲ್ಪ ಸಡ್ಲ ಆಗ್ತೈತೆ."

ಅವರು ನ್ಯಾಮತಿಯವರು. ಗಂಡ ಮೊಪೆಡ್ಡಿನ ಹಿಂದೆ ಬಳೆಯ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಓಡಿಸುತ್ತಾನೆ, ತೊಡಿಸುವವಳು ಈಕೆ. ಅತ್ತೆಯಿಂದ ಬಂದ ಕಸುಬು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸಂತೆಗಳು, ಮದುವೆಯ ಕಾಲದಲ್ಲಿ ಮನೆಗಳಿಂದ ಕರೆ. ಇಷ್ಟನ್ನೂ ಆತನೇ ಹೇಳಿದ. ಏನೋ ಬಾಕಿ ಉಳಿಸಿಕೊಂಡಂತಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. ಸಂಕ್ರಾಂತಿ ಕಳೆದ ಮೇಲಿಂದ ಎಂದ. ಅದು ಬೇಸಿಗೆಯ ಕೊನೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೆ. ವಾಯು ಎಂದು ಯಾರೋ ಹೇಳಿದ್ದರಂತೆ. ಉಪ್ಪಿನ ಶಾಖ, ಎಳ್ಳೆಣ್ಣೆ, ನೋವು ತಡೆಯದಾದಾಗ ಅಂಗಡಿಯ ಮಾತ್ರೆ.

"ಹಂಗಾದ್ರೆ ಇವತ್ತು ಯಾಕೆ ಬಂದ್ರಿ?"

ಗಂಡ ಹೆಂಡತಿಯ ಮುಖ ನೋಡಿದ. ಆಕೆ ತಲೆ ತಗ್ಗಿಸಿದಳು. ಆಮೇಲೆ ಆತನೇ ಹೇಳಿದ. ನ್ಯಾಮತಿಯಲ್ಲೇ ಒಂದು ಮನೆಯಲ್ಲಿ ಏಳು ತಿಂಗಳ ಬಸುರಿಗೆ ಕುಬುಸದ ಶಾಸ್ತ್ರ. ಹಸಿರು ಬಳೆ ತೊಡಿಸಲು ಇವಳನ್ನೇ ಕರೆದಿದ್ದರು. ತೊಡಿಸುವಾಗ ಬೆರಳಲ್ಲಿ ಕಸುವು ನಿಲ್ಲದೆ ಬಳೆ ಹುಡುಗಿಯ ಗೆಣ್ಣಿನ ಮೇಲೇ ಒಡೆದು ರಕ್ತ ಬಂತು. ಎರಡನೆಯದೂ ಒಡೆಯಿತು. ಮನೆಯವರು ಬಯ್ಯಲಿಲ್ಲ. ಚಾ ಕೊಟ್ಟು, ಕೂಲಿ ಕೊಟ್ಟು ಕಳಿಸಿದರು. ಆದರೆ ಅಲ್ಲಿಂದಾಚೆಗೆ ಆ ಬೀದಿಯಿಂದ ಕರೆ ಬರಲಿಲ್ಲ.

"ಕೈ ಹಗುರ ಅಂತ ಹೆಸ್ರಿತ್ತು ರೀ ಇವಳ್ದು" ಎಂದ ಆತ. "ಈಗ ಬ್ಯಾಡ, ಅವಳ ಕೈ ಸರಿಯಿಲ್ಲ ಅಂತಾರೆ."

ಬಳೆ ತೊಡಿಸುವುದನ್ನು ನೀವೆಲ್ಲ ನೋಡಿರುತ್ತೀರಿ. ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಗೆಣ್ಣುಗಳನ್ನು ಎರಡೂ ಕಡೆಯಿಂದ ಒತ್ತಿ ಕೈಯನ್ನು ಕಿರಿದು ಮಾಡಿ, ಮಾತಾಡಿಸುತ್ತಲೇ ಬಳೆಯನ್ನು ದಾಟಿಸಿಬಿಡಬೇಕು. ತೊಡುವವಳಿಗೆ ನೋಯಬಾರದು, ಗಾಜು ಒಡೆಯಬಾರದು. ಅದೆಲ್ಲ ಬೆರಳುಗಳ ಲೆಕ್ಕಾಚಾರ. ಆ ಬೆರಳುಗಳೇ ಈಗ ಕೈಕೊಟ್ಟಿದ್ದವು. ಆಕೆ ನನ್ನಲ್ಲಿಗೆ ಬಂದದ್ದು ನೋವಿಗಲ್ಲ, ಹೋದ ಹೆಸರಿಗೆ.

ಕೀಲುರೋಗದ ವೈದ್ಯರು ಮೊದಲು ಮಾಡುವ ಪರೀಕ್ಷೆಯೂ ಹೆಚ್ಚುಕಡಿಮೆ ಬಳೆಗಾರರ ಹಿಡಿತವೇ. ಬೆರಳ ಬುಡದ ಗೆಣ್ಣುಗಳನ್ನು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತುತ್ತೇವೆ. ಆಕೆ ತುಟಿ ಕಚ್ಚಿದಳು, ಕಣ್ಣಲ್ಲಿ ನೀರು ನಿಂತಿತು. ಮಣಿಕಟ್ಟುಗಳೂ ಊದಿ ಬಿಸಿಯಾಗಿದ್ದವು. ಮುದುಕರ ಸವೆತದ ನೋವು ಇದಲ್ಲ. ಮೈಯ ಕಾವಲು ಪಡೆ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಬೀಳುವ ಸಂಧಿವಾತ ಎಂದು ನನಗೆ ಆಗಲೇ ಅನ್ನಿಸಿತು. ಆದರೆ ಅನ್ನಿಸಿದರೆ ಸಾಲದು. ರಕ್ತ ತೆಗೆಸಿದೆ, ಕೈಗಳ ಮತ್ತು ಎದೆಯ ಎಕ್ಸ್‌ರೇ ಮಾಡಿಸಿದೆ, ಯಕೃತ್ತು, ಮೂತ್ರಪಿಂಡ ಸರಿಯಿವೆಯೇ, ಕಾಮಾಲೆಯ ಸೋಂಕೇನಾದರೂ ಅಡಗಿದೆಯೇ ಎಂದೂ ನೋಡಿಸಿದೆ. ಮುಂದೆ ಕೊಡಲಿರುವ ಔಷಧಿಗೆ ಅದೆಲ್ಲ ಗೊತ್ತಿರಬೇಕು.

ವರದಿಗಳು ಬಂದವು. ಈ ರೋಗದ ಗುರುತಾದ ಎರಡೂ ಪರೀಕ್ಷೆಗಳಲ್ಲಿ ಅಂಕಿ ಜೋರಾಗಿತ್ತು. ಎಕ್ಸ್‌ರೇ ಮಾತ್ರ ಚೊಕ್ಕಟ. ಗಂಡ ಫಿಲ್ಮನ್ನು ಕಿಟಕಿಗೆ ಹಿಡಿದು, "ಮೂಳಿಗೆ ಏನೂ ಆಗಿಲ್ಲ ಅಂದ್ರಂತಲ್ರೀ, ಹಂಗಾದ್ರೆ ಕಾಯಿಲೆ ಇಲ್ಲ ತಾನೆ?" ಎಂದ.

"ಕಾಯಿಲೆ ಐತೆ. ಮೂಳೆ ತಿನ್ನಾಕೆ ಇನ್ನೂ ಶುರು ಮಾಡಿಲ್ಲ. ಅದು ಶುರು ಮಾಡೋದ್ರೊಳಗೆ ನಾವು ಶುರು ಮಾಡಬೇಕು" ಎಂದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರು ಎಂಬ ಗಾದೆ ಈ ಕಾಯಿಲೆಗಾಗಿಯೇ ಹುಟ್ಟಿದಂತಿದೆ. ಬೆರಳು ಸೊಟ್ಟಗಾದ ಮೇಲೆ ಬರುವವರೇ ಹೆಚ್ಚು. ಆಮೇಲೆ ನೋವು ತಗ್ಗಿಸಬಹುದೇ ಹೊರತು ಬೆರಳನ್ನು ನೆಟ್ಟಗೆ ಮಾಡಲಾಗದು. ಈಕೆಗೆ ಇನ್ನೂ ಸಮಯವಿತ್ತು.

ಮೆಥೊಟ್ರೆಕ್ಸೇಟ್ ಶುರು ಮಾಡಿದೆ. ಈ ರೋಗದಲ್ಲಿ ಮೊದಲು ಕೈಹಾಕುವುದು ಅದಕ್ಕೇ. ಆಕೆಗೆ ಮಕ್ಕಳಾಗಿ ಆಪರೇಷನ್ ಆಗಿದ್ದರಿಂದ ಗರ್ಭದ ಚಿಂತೆ ಇರಲಿಲ್ಲ. ವಾರಕ್ಕೆ ಒಂದೇ ಸಲ ನುಂಗುವ ಮಾತ್ರೆ, ಭಾನುವಾರ ರಾತ್ರಿ ಊಟದ ನಂತರ. ಜೊತೆಗೆ ಫೋಲಿಕ್ ಆಮ್ಲ. ಆ ಮಾತ್ರೆಯ ಫಲ ಕಾಣಲು ತಿಂಗಳೆರಡು ಬೇಕು, ಅಲ್ಲಿಯವರೆಗೆ ಊತ ತಗ್ಗಿಸಲು ಕೆಲವೇ ವಾರ ಸ್ವಲ್ಪ ಸ್ಟೀರಾಯ್ಡ್. ಬೆರಳಿಗೆ ಸದ್ಯ ಜೋರು ಬೇಡ, ಗಿರಾಕಿಯ ಕೈಗೆ ಸೋಪು ಹಚ್ಚಿ ಬಳೆ ಜಾರಿಸಬಹುದಲ್ಲ ಎಂದೂ ಬುದ್ಧಿ ಹೇಳಿದೆ. ಆಕೆ ಮೊದಲ ಬಾರಿ ನಕ್ಕಳು.

"ಸೋಪು ಹಚ್ಚಿ ತೊಡಿಸಾಕೆ ನಾನ್ಯಾಕೆ ಬೇಕ್ರಿ? ಅವರೇ ಬಚ್ಚಲಾಗೆ ಹಾಕ್ಕಂತಾರೆ!"

ತಿಂಗಳಿಗೊಮ್ಮೆ ಬಂದಳು. ಪ್ರತಿ ಸಲ ರಕ್ತ ಪರೀಕ್ಷೆ ನೋಡಿ ಮಾತ್ರೆಯನ್ನು ಸ್ವಲ್ಪ ಸ್ವಲ್ಪ ಏರಿಸಿದೆ. ಎರಡನೆಯ ತಿಂಗಳ ಹೊತ್ತಿಗೆ ಬೆಳಗಿನ ಬಿಗಿತ ಕಡಿಮೆಯಾಯಿತು, ಚಾ ಲೋಟ ಕೈಗೆ ಬಂತು. ನಾನು ಒಳಗೊಳಗೇ ಹಿಗ್ಗಿದೆ. ಯೋಜನೆಯಂತೆ ಸ್ಟೀರಾಯ್ಡ್ ನಿಲ್ಲಿಸಿದೆ. ಅದನ್ನು ನಿಲ್ಲಿಸಿದಾಗ ಕೆಲವು ದಿನ ನೋವು ಮತ್ತೆ ತಲೆ ಎತ್ತುವುದುಂಟು. ತಾಳಿಕೊಳ್ಳಿ ಎಂದು ಹೇಳಿ ಕಳಿಸಿದೆ.

ಶ್ರಾವಣ ಬಂತು. ಪಂಚಮಿ, ಅದರ ಬೆನ್ನಿಗೆ ಭಾದ್ರಪದದ ಗೌರಿ ಹಬ್ಬ ಎಂದು ಹೆಣ್ಣುಮಕ್ಕಳೆಲ್ಲ ಬಳೆ ಅಂಗಡಿಯ ಮುಂದೆ ಸಾಲು ನಿಲ್ಲುವ ಕಾಲ. ಬಳೆಗಾರರಿಗೆ ಅದೇ ಸುಗ್ಗಿ. ಆ ತಿಂಗಳು ಆಕೆ ಪರೀಕ್ಷೆಗೆ ಬರಲಿಲ್ಲ. ಸಂತೆ ಬಿಟ್ಟು ಬರಲಾಗಿಲ್ಲವೇನೋ ಎಂದುಕೊಂಡೆ. ಗೌರಿ ಹಬ್ಬ ಇನ್ನೆರಡು ದಿನ ಇರುವಾಗ ಗಂಡ ಆಕೆಯನ್ನು ಆಟೋದಲ್ಲಿ ಒರಗಿಸಿಕೊಂಡು ಬಂದ. ಮೈ ಸುಡುತ್ತಿತ್ತು. ಬಾಯಿ ತೆರೆಯಿರಿ ಎಂದರೆ ತೆರೆಯಲಾಗದು. ಟಾರ್ಚು ಬಿಟ್ಟು ನೋಡಿದೆ. ತುಟಿಯ ಒಳಗೆ, ನಾಲಿಗೆಯ ಮೇಲೆ, ಗಂಟಲಲ್ಲಿ ಎಲ್ಲೆಲ್ಲೂ ಹುಣ್ಣು. ಬಾಯಿ ಹೀಗಾಗಿದೆ ಎಂದರೆ ಒಳಗೆ ಮೂಳೆಮಜ್ಜೆಯೂ ಸೊರಗಿರುತ್ತದೆ ಎಂದೇ ಅರ್ಥ.

"ಆ ವಾರದ ಮಾತ್ರೆ ಹೆಂಗೆ ತಗೊಂಡ್ರಿ?" ಎಂದು ಕೇಳಿದೆ.

ಆಕೆ ಬಾಯಿ ಬಿಡಲಾಗದೆ ಕೈಯಲ್ಲೇ ಸನ್ನೆ ಮಾಡಿದಳು. ಗಂಡ ಬಿಡಿಸಿ ಹೇಳಿದ. "ಭಾನುವಾರನೇ ತಗಂತಿದ್ಲು ರೀ. ಶ್ರಾವಣ ಬಂದ ಮ್ಯಾಲೆ ಸಂತೆ ದಿನ ಬೆಳಿಗ್ಗೆನೂ ತಗಣಾಕೆ ಶುರು ಮಾಡಿದ್ಲು. ಈ ಗುಳಿಗೆಯಿಂದ ತಾನೆ ಕೈ ನೆಟ್ಟಗಾಗಿದ್ದು? ದುಡಿಯೋ ದಿನ ತಗಂಡ್ರೆ ಕೈ ಮೆತ್ತಗಿರ್ತೈತೆ ಅಂದ್ಲು. ನಾನೂ ಹೌದಲ್ಲ ಅಂದೆ." ಹಳೆಯ ಚೀಟಿ ತೋರಿಸಿ ಮತ್ತೆರಡು ಪಟ್ಟಿ ಮಾತ್ರೆ ತಂದುಕೊಟ್ಟವನೂ ಅವನೇ.

ಬಯ್ಯಲು ಬಾಯಿ ತೆರೆದೆ. ಬಯ್ಯುವುದು ಯಾರನ್ನು? ತಲೆನೋವಿನ ಮಾತ್ರೆಯನ್ನು ತಲೆನೋವಿನ ದಿನ ನುಂಗುವ ಲೋಕದಲ್ಲಿ, ಕೈಯ ಮಾತ್ರೆಯನ್ನು ಕೈಗೆ ಕೆಲಸವಿರುವ ದಿನ ನುಂಗಿದ್ದಳು. ಆಕೆಯ ಕಸುಬಿನ ಕಡೆಯಿಂದ ನೋಡಿದರೆ ಅದರಲ್ಲಿ ಒಂದು ನ್ಯಾಯವೇ ಇತ್ತು. ಈ ಔಷಧಿ ಮಾತ್ರ ಆ ನ್ಯಾಯಕ್ಕೆ ಬಗ್ಗುವಂಥದ್ದಲ್ಲ. ವಾರಕ್ಕೊಮ್ಮೆಯಾದರೆ ಕಾಯುತ್ತದೆ, ದಿನ ಬಿಟ್ಟು ದಿನವಾದರೆ ಕೊಲ್ಲುತ್ತದೆ.

ರಕ್ತದ ವರದಿ ನನ್ನ ಭಯವನ್ನು ನಿಜ ಮಾಡಿತು. ಬಿಳಿ ಕಣಗಳು ಪಾತಾಳಕ್ಕಿಳಿದಿದ್ದವು, ಪ್ಲೇಟ್‌ಲೆಟ್ಟುಗಳೂ ಅಷ್ಟೇ. ಮೊದಲ ಡ್ರಿಪ್ಪು, ಮೊದಲ ಆ್ಯಂಟಿಬಯಾಟಿಕ್ ಅಲ್ಲೇ ಹಾಕಿಸಿ, ಆಂಬುಲೆನ್ಸಿನಲ್ಲಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಈ ವಿಷಕ್ಕೆ ಪ್ರತ್ಯೌಷಧವಿದೆ, ಫೋಲಿನಿಕ್ ಆಮ್ಲದ ಇಂಜೆಕ್ಷನ್. ಅದನ್ನು ಗಂಟೆ ತಪ್ಪದಂತೆ ಕೊಡುತ್ತಾ, ಸೋಂಕು ತಾಗದಂತೆ ಬೇರೆ ಕೋಣೆಯಲ್ಲಿಟ್ಟು, ರಕ್ತಕಣ ಏರುವುದನ್ನು ಕಾಯಬೇಕು. ನನ್ನ ಮನೆ ದಾವಣಗೆರೆಯಲ್ಲೇ ಇರುವುದರಿಂದ ದಿನಾ ಸಂಜೆ ಹೋಗಿ ನೋಡುತ್ತಿದ್ದೆ. ಮೊದಲ ಕೆಲವು ದಿನ ಅಂಕಿ ಅಲ್ಲಾಡಲಿಲ್ಲ. ಉಳಿಯುವುದಿಲ್ಲವೇನೋ ಎಂದು ಹೆದರಿದ್ದೆ. ನೋವಿಗೂ ಅಲ್ಲದೆ, ಕೈಯ ಹೆಸರಿಗಾಗಿ ಬಂದ ಹೆಂಗಸು ಜೀವವನ್ನೇ ಕಳೆದುಕೊಂಡರೆ ಎಂದು ಅನ್ನ ರುಚಿಸುತ್ತಿರಲಿಲ್ಲ.

ಕೋಣೆಯ ಹೊರಗೆ ಅತ್ತೆ ಕುಳಿತಿರುತ್ತಿದ್ದಳು. ಜಗಳೂರಿನ ಕಡೆಯ ಹೆಂಗಸು, ಒಣಕಲು ಮೈ, ಗಡಸು ದನಿ. ನಾನು ಕಂಡೊಡನೆ ಎದ್ದು ನಿಂತು ಎದುರಾದಳು.

"ನಿಮ್ಮ ಗುಳಿಗೆ ಸವಾಸ ಸಾಕು ರೀ ಡಾಕ್ಟ್ರಮ್ಮ. ಬಳೆ ಯಾಪಾರ ಹೋದ್ರೆ ಹೋಗ್ಲಿ. ನನ್ನ ಸೊಸಿ ಉಳಿದ್ರೆ ಸಾಕು ನಂಗೆ."

ಸೊಸೆಗಾಗಿ ಡಾಕ್ಟರೊಡನೆ ಜಗಳಕ್ಕೆ ನಿಲ್ಲುವ ಅತ್ತೆಯನ್ನು ನಾನು ಹೆಚ್ಚು ಕಂಡಿಲ್ಲ. ಸಿಟ್ಟು ಬರಲಿಲ್ಲ, ಗೌರವವೇ ಬಂತು. ಆಮೇಲೆ ಒಂದು ಸಂಜೆ ಬಿಳಿ ಕಣಗಳು ಏರತೊಡಗಿದ್ದವು. ಹುಣ್ಣು ಮಾಗಿತು, ಗಂಜಿ ಇಳಿಯಿತು. ಮೊದಲು ಗಂಜಿ ಕುಡಿದ ದಿನ ಅತ್ತೆ ವಾರ್ಡಿನ ಆಯಾಗಳಿಗೆಲ್ಲ ಸಕ್ಕರೆ ಹಂಚಿದಳು. ನನಗೂ ಒಂದು ಚಿಟಿಕೆ ಸಿಕ್ಕಿತು.

ಜೀವ ಉಳಿಯಿತು, ಆದರೆ ಔಷಧಿ ನಿಂತದ್ದೇ ತಡ ಕೈಗಳು ಮತ್ತೆ ಊದಿದವು. ಹೊನ್ನಾಳಿಗೆ ಮತ್ತೆ ಬಂದಾಗ ಮೊದಲ ದಿನದ ಕೈಗಳನ್ನೇ ನೋಡಿದ ಹಾಗಾಯಿತು. ಈಗ ಏನು ಮಾಡುವುದು? ಇನ್ನೆರಡು ಮೃದುವಾದ ಔಷಧಿಗಳಿದ್ದವು. ಅವುಗಳಿಂದ ಯಾರಿಗೂ ಅಪಾಯವಿಲ್ಲ, ನನಗೂ. ಆದರೆ ಆಕೆಯ ರೋಗ ಜೋರಿನದು, ಅವು ಸಾಲುತ್ತವೆಂಬ ನಂಬಿಕೆ ನನಗಿರಲಿಲ್ಲ. ಸಾಲವು ಎಂದು ತಿಳಿಯುವಷ್ಟರಲ್ಲಿ ಮೂಳೆ ಸವೆಯಲು ಶುರುವಾದರೆ? ಹಿರಿಯ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. "ಅದೇ ಮಾತ್ರೆ ಮತ್ತೆ ಕೊಡ್ತೀಯಾ? ಹೆಚ್ಚುಕಡಿಮೆ ಆದ್ರೆ ನಿನ್ನ ತಲೆಗೇ ಬರುತ್ತೆ ನೋಡು" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಸರಿಯಾದ ಅಳತೆಯಲ್ಲಿ ತಿಂದಷ್ಟು ಕಾಲ ಆ ಮಾತ್ರೆ ಆಕೆಗೆ ಒಗ್ಗಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮನೆಯಿಂದ ಉಪ್ಪನ್ನೇ ಹೊರಗೆಸೆಯುತ್ತಾರೆಯೇ?

ಗಂಡ, ಹೆಂಡತಿ, ಅತ್ತೆ ಮೂವರನ್ನೂ ಕೂರಿಸಿಕೊಂಡೆ. ಬೆಂಚಿನಲ್ಲಿದ್ದವರಿಗೆ ಕಾಯಿರಿ ಎಂದು ಹೇಳಿಸಿ ಬಾಗಿಲು ಹಾಕಿಸಿದೆ. ಎರಡೂ ದಾರಿಗಳನ್ನು, ಎರಡರ ಅಪಾಯವನ್ನೂ ಬಿಡಿಸಿ ಹೇಳಿದೆ. ಅತ್ತೆ ತಲೆಯಾಡಿಸುತ್ತಲೇ ಇದ್ದಳು. ಬಳೆಗಾರ್ತಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಗುಳಿಗೆ ಕೆಟ್ಟದ್ದೇನ್ರಿ, ನಾನು ತಿಂದ ರೀತಿ ಕೆಟ್ಟದ್ದೇನ್ರಿ? ಖರೇ ಹೇಳ್ರಿ."

"ತಿಂದ ರೀತಿ."

"ಹಂಗಾದ್ರೆ ಕೊಡ್ರಿ."

ಸಾವಿನ ಬಾಗಿಲು ತಟ್ಟಿ ಬಂದು ತಿಂಗಳೂ ಕಳೆದಿರಲಿಲ್ಲ. ನಾನೇ ಆಕೆಯ ಜಾಗದಲ್ಲಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನನಗೆ ಆಗ ಹೊಳೆದದ್ದು ಒಂದೇ. ಈ ಹೆಂಗಸಿನ ವಾರ ನಡೆಯುವುದು ಸಂತೆಗಳಿಂದ. ದುಡಿಯುವ ದಿನಕ್ಕೂ ಈ ಮಾತ್ರೆಗೂ ನಂಟೇ ಇರಬಾರದು.

"ವಾರದಾಗೆ ಬಳೆ ಮುಟ್ಟದೇ ಇರೋ ದಿನ ಯಾವ್ದು ನಿಮಗೆ?" ಎಂದು ಕೇಳಿದೆ.

"ಶುಕ್ರವಾರ" ಎಂದರು ಮೂವರೂ ಒಟ್ಟಿಗೆ. ಜುಮ್ಮಾ ನಮಾಜಿನ ದಿನ. ಗಂಡ ಮಸೀದಿಗೆ ಹೋಗುತ್ತಾನೆ, ಪೆಟ್ಟಿಗೆ ಬಿಚ್ಚುವುದಿಲ್ಲ. ಮಾತ್ರೆ ಶುಕ್ರವಾರಕ್ಕೆ ನಿಂತಿತು. ಮಾತ್ರೆಗಳು ಯಾರ ಬಳಿ ಇರಬೇಕು ಎಂಬ ಮಾತು ಬಂದಾಗ ಅತ್ತೆ ಕೈ ಚಾಚಿದಳು.

"ನನ್ನ ಎಲೆ ಅಡಿಕೆ ಚೀಲದಾಗೆ ಇರ್ಲಿ. ಇವರಿಬ್ಬರನ್ನೂ ನಂಬಲ್ಲ ನಾನು. ಜುಮ್ಮಾ ಬಿಟ್ಟು ಬ್ಯಾರೆ ದಿನ ಗುಳಿಗೆ ಕೇಳಿದ್ರೆ ಕೈ ಮುರಿತೀನಿ."

"ಕೈ ಒಂದು ಬಿಟ್ಟು ಬ್ಯಾರೆ ಏನಾದ್ರೂ ಮುರಿರಿ ಅತ್ತೆ" ಎಂದಳು ಸೊಸೆ. ಎಷ್ಟೋ ದಿನದ ಮೇಲೆ ಆ ಕೋಣೆಯಲ್ಲಿ ನಾವೆಲ್ಲ ನಕ್ಕೆವು.

ಮೊದಲಿಗಿಂತ ಕಡಿಮೆ ಪ್ರಮಾಣದಿಂದ ಹೊಸದಾಗಿ ಆರಂಭಿಸಿದೆ. ಈ ಸಲ ಪ್ರತಿ ವಾರ ರಕ್ತ ಪರೀಕ್ಷೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ವರದಿ ನೋಡುವ ತನಕ ನನ್ನ ಜೀವ ಕೈಯಲ್ಲಿರುತ್ತಿತ್ತು. ಮಧ್ಯೆ ಒಮ್ಮೆ ಯಕೃತ್ತಿನ ಅಂಕಿ ಸ್ವಲ್ಪ ಏರಿತೆಂದು ಎರಡು ವಾರ ನಿಲ್ಲಿಸಬೇಕಾಯಿತು. ಇಷ್ಟೊಂದು ಹಿಂದೆ ಮುಂದೆ ಆದರೂ ಆಕೆ ಒಂದು ಭೇಟಿಯನ್ನೂ ತಪ್ಪಿಸಲಿಲ್ಲ. ದೀಪಾವಳಿ ಕಳೆದು ಕಾರ್ತಿಕ ಮುಗಿಯುವ ಹೊತ್ತಿಗೆ ಗೆಣ್ಣುಗಳ ನಡುವಿನ ತಗ್ಗು ಮತ್ತೆ ಕಾಣಿಸಿಕೊಂಡಿತು. ಸಂಕ್ರಾಂತಿಗೆ ಮುಷ್ಟಿ ಕಟ್ಟಿ ತೋರಿಸಿದಳು. ಎಕ್ಸ್‌ರೇ ಮತ್ತೆ ತೆಗೆಸಿದೆ, ಮೂಳೆ ಒಂದಿಷ್ಟೂ ಸವೆದಿರಲಿಲ್ಲ. ನಮ್ಮ ನರ್ಸೊಬ್ಬಳು ಹೊನ್ನಾಳಿ ಸಂತೆಯಲ್ಲಿ ಆಕೆಯಿಂದ ಬಳೆ ತೊಡಿಸಿಕೊಂಡು ಬಂದು, ತೊಡಿಸಿದ್ದೇ ಗೊತ್ತಾಗಲಿಲ್ಲ ಮೇಡಂ ಎಂದಳು. ನ್ಯಾಮತಿಯ ಆ ಬೀದಿಯವರೂ ಕರೆಯತೊಡಗಿದರಂತೆ.

ಮದುವೆಗಳ ಕಾಲದಲ್ಲಿ ಒಂದು ದಿನ ಆಕೆ ಸರದಿ ಇಲ್ಲದೆಯೇ ಬಂದಳು. ಜೊತೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿ, ಆಕೆಯ ಗಂಡ. ಹುಡುಗಿಯ ಕಾಲುಗಳಲ್ಲಿ ಅರಿಸಿನದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಯಾರಿವರು ಎಂದೆ.

"ನಲ್ಲೂರಾಗೆ ಇವಳ ಬಳೆಶಾಸ್ತ್ರಕ್ಕೆ ಕರೆದಿದ್ರು ರೀ. ಕೈ ಒತ್ತಿದೆ ನೋಡ್ರಿ, ಬಿಸಿ ಇತ್ತು. ಕಣ್ಣಾಗೆ ನೀರು ತಂದ್ಲು, ಬಾಯಿ ಬಿಡ್ಲಿಲ್ಲ. ಸುತ್ತ ಬೀಗರು ಕುಂತವ್ರೆ!"

ಬಳೆಶಾಸ್ತ್ರವೆಂದರೆ ಮದುವೆಯ ಹಿಂದಿನ ದಿನ. ಮದುಮಗಳ ಕೈಗೆ ಕಾಯಿಲೆ ಎಂಬ ಒಂದು ಮಾತು ಅಲ್ಲಿ ಬಿದ್ದಿದ್ದರೆ ಚಪ್ಪರದ ಕೆಳಗೆ ಏನಾಗುತ್ತಿತ್ತೋ. ಬಳೆಗಾರ್ತಿ ಒಂದು ಅಳತೆ ದೊಡ್ಡ ಬಳೆಗಳನ್ನು ಆರಿಸಿಕೊಂಡು, ತವರಿನ ತುಪ್ಪ ತಿಂದು ಕೈ ದಪ್ಪ ಮಾಡಿಕೊಂಡಿದ್ದಾಳೆ ನಿಮ್ಮ ಹುಡುಗಿ ಎಂದು ಎಲ್ಲರನ್ನೂ ನಗಿಸಿದಳಂತೆ. ನಗುವಿನ ನಡುವೆಯೇ ಕಿವಿಯಲ್ಲಿ, ಬೆಳಿಗ್ಗೆ ಬೆರಳು ಬಿಗಿ ಹಿಡಿಯುತ್ತದೆಯೇ ಎಂದು ಕೇಳಿದಳಂತೆ. ಹುಡುಗಿ ಹೌದೆಂದಳಂತೆ. ಮದುವೆ ಮುಗಿದ ಮೇಲೆ ಹೊಸ ಬಳೆ ತೋರಿಸುವ ನೆಪ ಮಾಡಿಕೊಂಡು ಚನ್ನಗಿರಿಯಲ್ಲಿದ್ದ ಹುಡುಗಿಯ ಗಂಡನ ಮನೆಗೆ ಹೋಗಿ, ಗಂಡನಿಗೆ ನೀನೇ ಹೇಳಬೇಕು, ಮುಚ್ಚಿಟ್ಟರೆ ಕೈಯೂ ಹೋಗುತ್ತದೆ ನಂಬಿಕೆಯೂ ಹೋಗುತ್ತದೆ ಎಂದು ಒಪ್ಪಿಸಿದ್ದಳು.

"ಮೊನ್ನೆ ಹೇಳಿದ್ಲು ರೀ ನನಗೆ" ಎಂದ ಹುಡುಗ. "ವಾಸಿ ಆಗ್ತೈತಲ್ಲ?"

ಹುಡುಗಿಯ ಕೈ ಹಿಡಿದು ನೋಡಿದೆ. ಎರಡು ಗೆಣ್ಣುಗಳಲ್ಲಿ ಮಾತ್ರ ತೆಳುವಾದ ಊತ. ಶುರುವಾಗಿ ತಿಂಗಳಾಗಿತ್ತಷ್ಟೆ. ಪರೀ‌ಕ್ಷೆಗಳನ್ನು ಬರೆದೆ. ಅದೇ ಕಾಯಿಲೆಯಾಗಿದ್ದರೆ, ಮಕ್ಕಳಾಗಬೇಕಾದವಳಿಗೆ ಶುಕ್ರವಾರದ ಮಾತ್ರೆ ಸಲ್ಲದು, ಬೇರೆ ಔಷಧಿಗಳಿವೆ, ಹೆದರಬೇಡಿ ಎಂದು ಇಬ್ಬರಿಗೂ ಹೇಳಿದೆ. ಆಮೇಲೆ ಬಳೆಗಾರ್ತಿಯ ಕಡೆ ತಿರುಗಿದೆ. ಅವಳನ್ನು ಹೊಗಳಬೇಕೆನ್ನಿಸಿತು. ನನಗೆ ಹೊಗಳಿ ಅಭ್ಯಾಸವಿಲ್ಲ.

"ಇಷ್ಟು ಬೇಗ ನನ್ನ ಹತ್ರ ಯಾರೂ ಬಂದಿದ್ದಿಲ್ಲ ಕಣಮ್ಮ" ಎಂದೆ.

"ನಾನೂ ಬರಬೇಕಿತ್ತು ರೀ ಹಿಂಗೆ" ಎಂದಳು ಆಕೆ. "ಊರ ಹೆಣ್ಣುಮಕ್ಕಳ ಕೈಯೆಲ್ಲ ನಾನು ಹಿಡೀತೀನಿ. ನನ್ನ ಕೈ ಹಿಡಿದು ನೋಡೋರು ಯಾರಿದ್ರು ಹೇಳ್ರಿ?"

ರಕ್ತ ಕೊಡಲು ಹುಡುಗಿಯನ್ನು ಎಬ್ಬಿಸಿಕೊಂಡು ಆಕೆಯೇ ಹೊರಟಳು, ನೋಯುವ ಗೆಣ್ಣುಗಳನ್ನು ಬಿಟ್ಟು ಮಣಿಕಟ್ಟಿನ ಮೇಲೆ ಮೆತ್ತಗೆ ಹಿಡಿದುಕೊಂಡು.